ಸದ್ದಿನ ಜಾಡು

ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರನ್ನು ನೀವು ನೋಡಿರಬಹುದು. ಮಡಕೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯ ಬೆರಳ ಗೆಣ್ಣಿನಿಂದ ಅದರ ಮೈಯನ್ನು ಒಂದೆರಡು ಸಲ ತಟ್ಟುತ್ತಾರೆ. 'ಠಣ್' ಎಂದು ತುಂಬು ನಾದ ಹೊರಟರೆ ಬೆಲೆಯ ಮಾತಿಗೆ ತೊಡಗುತ್ತಾರೆ. 'ಲೊಟ್' ಎಂಬ ಒಡಕು ದನಿ ಬಂದರೆ ಮಾತಿಲ್ಲದೆ ಕೆಳಗಿಟ್ಟು ಇನ್ನೊಂದಕ್ಕೆ ಕೈಚಾಚುತ್ತಾರೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಕೇಳಿಸಿರುತ್ತದೆ. ವೈದ್ಯರೂ ಈ ದಾರಿಯನ್ನೇ ಹಿಡಿದವರು. 1761ರಲ್ಲಿ ಆಸ್ಟ್ರಿಯಾದ ವೈದ್ಯ ಲಿಯೊಪೋಲ್ಡ್ ಔವೆನ್‌ಬ್ರುಗರ್ ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ, ಹೊರಡುವ ಸದ್ದಿನಿಂದ ಒಳಗಿನ ಸ್ಥಿತಿಯನ್ನು ಅರಿಯುವ ಕ್ರಮವನ್ನು ಪ್ರಕಟಿಸಿದನು. ಅವನ ತಂದೆ ವಸತಿಗೃಹವೊಂದನ್ನು ನಡೆಸುತ್ತಿದ್ದನೆಂದೂ, ಪೀಪಾಯಿಗಳನ್ನು ತಟ್ಟಿ ಅವು ಎಷ್ಟು ತುಂಬಿವೆಯೆಂದು ತಿಳಿಯುತ್ತಿದ್ದುದನ್ನು ಬಾಲ್ಯದಲ್ಲಿ ಕಂಡ ನೆನಪೇ ಈ ಕ್ರಮಕ್ಕೆ ಮೂಲವೆಂದೂ ಹೇಳುವುದುಂಟು. 1816ರಲ್ಲಿ ಫ್ರಾನ್ಸಿನ ಲೆನೆಕ್ ಎಂಬ ವೈದ್ಯನು ಕಾಗದದ ಸುರುಳಿಯೊಂದನ್ನು ರೋಗಿಯ ಎದೆಗಿಟ್ಟು ಕಿವಿಗೊಟ್ಟನು. ಇಂದು ಎಲ್ಲ ವೈದ್ಯರ ಕೊರಳಲ್ಲಿ ತೂಗುವ ಸ್ಟೆತಾಸ್ಕೋಪಿಗೆ ಆ ಸುರುಳಿಯೇ ಪೂರ್ವಜ.

ಯಂತ್ರಗಳ ಬೇನೆಯೂ ಬಹುಮಟ್ಟಿಗೆ ಸದ್ದಿನ ಮೂಲಕವೇ ಹೊರಬೀಳುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ಬೀದಿಯಲ್ಲಿಯೇ ನಡೆದ ಒಂದು ಪ್ರಸಂಗದಿಂದ ಕಲಿತೆ.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ವಿಜಯನಗರಕ್ಕೂ ಹಂಪಿನಗರಕ್ಕೂ ಹೊಂದಿಕೊಂಡಂತೆ ಆರ್‌ಪಿಸಿ ಲೇಔಟ್ ಎಂಬ ಬಡಾವಣೆಯಿದೆ. ನಾನು ನಿವೃತ್ತನಾದ ಮೇಲೆ ಅಲ್ಲಿ ನೆಲೆಸಿದ್ದೇನೆ. ನಮ್ಮ ಮನೆಯಿಂದ ನಾಲ್ಕನೆಯ ಮನೆಯಲ್ಲಿ ಬ್ಯಾಂಕಿನ ಅಧಿಕಾರಿಯೊಬ್ಬರಿದ್ದರು. ಮಿತಭಾಷಿಗಳು. ಅವರಿಗಿದ್ದ ಒಂದೇ ಚಪಲವೆಂದರೆ ಹಳೆಯದೊಂದು ಎರಡು ಬಾಗಿಲಿನ, ನೆಲಕ್ಕೆ ತಗ್ಗಿದ, ಓಟಕ್ಕೆಂದೇ ರೂಪುಗೊಂಡಂಥ ಪುಟ್ಟ ಕಾರು. ಭಾನುವಾರ ಬೆಳಿಗ್ಗೆ ಅದನ್ನು ತೊಳೆದು, ಒರೆಸಿ, ಮಾಗಡಿಯ ಕಡೆಗೋ ರಾಮನಗರದ ಕಡೆಗೋ ಹೋಗಿ ಬರುತ್ತಿದ್ದರು. ಅವರು ತೀರಿಕೊಂಡ ಮೇಲೆ ಕಾರು ಮಗನ ಪಾಲಿಗೆ ಬಂದಿತು. ಮಗ ನನ್ನ ಬಳಿ ಮೂರು ವರ್ಷ ಕನ್ನಡ ಓದಿದ ಹುಡುಗ. ಈಗ ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಯಂತ್ರದ ಪರಿಚಯ ಅವನಿಗೂ ಇಲ್ಲ, ನನಗೂ ಇಲ್ಲ.

ತಂದೆಯ ಕಾರನ್ನು ಇನ್ನಷ್ಟು ಚುರುಕುಗೊಳಿಸಬೇಕೆಂದು ಅವನಿಗೆ ಆಸೆ ಹುಟ್ಟಿತು. ಯಾರೋ ಹೇಳಿದರೆಂದು ಅದರ ಸ್ಪ್ರಿಂಗುಗಳನ್ನು ತೆಗೆಸಿ, ಹೆಚ್ಚು ಬಿಗಿಯಾದ, ಗಿಡ್ಡನೆಯ ಸ್ಪ್ರಿಂಗುಗಳನ್ನು ಹಾಕಿಸಿದನು. ಒಂದು ತಿಂಗಳಲ್ಲಿ ಕಾರು ತಗಡಿನ ಡಬ್ಬಿಯಾಯಿತು. ಬೀದಿಯ ತಿರುವಿನಲ್ಲಿರುವಾಗಲೇ ಅದರ ಬರವು ನಮಗೆ ಕೇಳಿಸುತ್ತಿತ್ತು. ಸದ್ದು ಕೇಳಬಾರದೆಂದು ಅವನು ರೇಡಿಯೊ ಹಾಕಿಕೊಂಡು ಓಡಿಸತೊಡಗಿದನು. ಒಂದು ಸಂಜೆ ಗೇಟಿನ ಬಳಿ ನಿಂತು, "ಸಾರ್, ಮಾರಿಬಿಡೋಣ ಅಂತಿದ್ದೀನಿ. ಅಪ್ಪನ ಕೈಯಲ್ಲಿ ಸುಮ್ಮನಿತ್ತು, ನನ್ನ ಕೈಗೆ ಬಂದು ಹಾಳಾಯಿತು," ಎಂದನು. ಅವನ ಮುಖ ನೋಡಿ ನನಗೆ ಕೆಡುಕೆನಿಸಿತು. ಮಾಗಡಿ ರಸ್ತೆಯ ಅಡ್ಡಬೀದಿಯೊಂದರಲ್ಲಿ ಹಳೆಯ ಮೇಸ್ತ್ರಿಯೊಬ್ಬರಿದ್ದಾರೆಂದು ಕೇಳಿದ್ದೆ. "ಮಾರುವುದಿದ್ದರೆ ಮಾರಪ್ಪಾ, ಅದಕ್ಕೆ ಮೊದಲು ಅವರಿಗೊಮ್ಮೆ ತೋರಿಸೋಣ," ಎಂದು ಕರೆದುಕೊಂಡು ಹೋದೆನು.

ಮೇಸ್ತ್ರಿ ಏನು ಮಾಡಿದರೆಂದು ಹೇಳುವ ಮುನ್ನ, ಕಾರಿನ ದೇಹಕ್ಕೂ ಚಕ್ರಕ್ಕೂ ನಡುವೆ ಇರುವ ವ್ಯವಸ್ಥೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಇದಕ್ಕೆ ಸಸ್ಪೆನ್ಷನ್ ಎಂದು ಹೆಸರು. ನಮ್ಮ ಎತ್ತಿನ ಗಾಡಿಗೆ ಇದು ಇರಲಿಲ್ಲ. ಅಚ್ಚಿನ ಮೇಲೆಯೇ ಗಾಡಿಯ ಮೈ ಕುಳಿತಿರುತ್ತಿತ್ತು. ಚಕ್ರ ಕಲ್ಲು ಹತ್ತಿದರೆ ಗಾಡಿಯೂ ಹತ್ತಬೇಕು, ಗಾಡಿಯಲ್ಲಿ ಕುಳಿತವನ ಬೆನ್ನುಮೂಳೆಯೂ ಹತ್ತಬೇಕು. ಎತ್ತಿನ ನಡಿಗೆ ನಿಧಾನವಾದುದರಿಂದ ಇದು ಹೇಗೋ ನಡೆದುಹೋಯಿತು. ಜೊತೆಗೆ ಹುಲ್ಲು ಹಾಸಿಕೊಳ್ಳುವ ಉಪಾಯವೂ ಇತ್ತು. ಕುದುರೆಯ ವೇಗಕ್ಕೆ ಬಂದಾಗ ಬೇರೆ ಏರ್ಪಾಡು ಬೇಕಾಯಿತು. ಬೆಂಗಳೂರು, ಮೈಸೂರುಗಳ ಬೀದಿಗಳಲ್ಲಿ ಓಡುತ್ತಿದ್ದ ಜಟಕಾಗಳಿಗೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಲ್ಲಿನಂತೆ ಬಾಗಿಸಿದ ಸ್ಪ್ರಿಂಗುಗಳಿದ್ದವು. ಇಂದಿನ ಲಾರಿಯ ಹಿಂಬದಿಯ ಚಕ್ರಗಳ ಬಳಿ ಬಗ್ಗಿ ನೋಡಿದರೆ ಅದೇ ಪಟ್ಟಿಗಳ ಕಟ್ಟು ಕಾಣುತ್ತದೆ. 1888ರಲ್ಲಿ ಡನ್‌ಲಪ್ ಎಂಬುವನು ಗಾಳಿ ತುಂಬಿದ ಟೈರನ್ನು ರೂಪಿಸಿದ ಮೇಲೆ ಚಕ್ರವೇ ಒಂದು ಬಗೆಯ ಸ್ಪ್ರಿಂಗಾಯಿತು.

ಸ್ಪ್ರಿಂಗಿನ ಗುಣವನ್ನು 1678ರಲ್ಲಿ ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿ ನಿಯಮವಾಗಿ ಹೇಳಿದನು. ಎಷ್ಟು ಭಾರವೋ ಅಷ್ಟಕ್ಕೆ ತಕ್ಕ ಎಳೆತ. ಭಾರ ಎರಡರಷ್ಟಾದರೆ ಎಳೆತವೂ ಎರಡರಷ್ಟು. ಇದನ್ನು ನೀವು ಪ್ರಯೋಗಶಾಲೆಯಲ್ಲಿ ತೂಕದ ಬಟ್ಟುಗಳನ್ನು ನೇತುಹಾಕಿ ಅಳೆದು ನೋಡಬಹುದು. ಆದರೆ ಬಟ್ಟನ್ನು ಒಮ್ಮೆ ಕೆಳಕ್ಕೆಳೆದು ಬಿಟ್ಟರೆ ಏನಾಗುತ್ತದೆಂಬುದನ್ನೂ ಗಮನಿಸಿರಿ. ಅದು ಮೇಲಕ್ಕೂ ಕೆಳಕ್ಕೂ ಆಂದೋಲಿಸುತ್ತಲೇ ಇರುತ್ತದೆ. ಕಾರಿನ ದೇಹವೂ ಸ್ಪ್ರಿಂಗುಗಳ ಮೇಲೆ ಹೀಗೆಯೇ ಆಡುತ್ತದೆ. ಸಾಮಾನ್ಯ ಕಾರಿನಲ್ಲಿ ಈ ಆಟ ಸೆಕೆಂಡಿಗೆ ಸುಮಾರು 1ರಿಂದ 1.5 ಸಲ, ಓಟದ ಕಾರುಗಳಲ್ಲಿ 2 ಸಲ ಅಥವಾ ಅದಕ್ಕಿಂತ ಹೆಚ್ಚು. ಸೆಕೆಂಡಿಗೆ ಒಂದು ಸಲ ಆಡುವ ಸ್ಪ್ರಿಂಗು ಕಾರಿನ ಭಾರಕ್ಕೆ ಸುಮಾರು 25 ಸೆಂಟಿಮೀಟರು ಕುಸಿದಿರುತ್ತದೆ. ಎರಡು ಸಲ ಆಡುವುದು ಕುಸಿಯುವುದು ಸುಮಾರು 6 ಸೆಂಟಿಮೀಟರು ಮಾತ್ರ. ಆಟ ಎರಡರಷ್ಟು ಚುರುಕಾಗಬೇಕಾದರೆ ಬಿಗಿ ನಾಲ್ಕರಷ್ಟಾಗಬೇಕೆಂಬುದು ಇಲ್ಲಿ ಅಡಗಿರುವ ಲೆಕ್ಕ. ಸ್ಪ್ರಿಂಗು ಬದಲಿಸಲು ಹೊರಟವರು ಈ ಲೆಕ್ಕವನ್ನು ಮರೆಯುವುದೇ ಹೆಚ್ಚು.

ಆಂದೋಲನವನ್ನು ತಡೆಯದಿದ್ದರೆ ಕಾರು ಅಲೆಯ ಮೇಲಿನ ದೋಣಿಯಾಗುತ್ತದೆ. ತಡೆಯುವ ಕೆಲಸ ಶಾಕ್ ಅಬ್ಸಾರ್ಬರಿನದು. ನಮ್ಮ ಗ್ಯಾರೇಜುಗಳಲ್ಲಿ ಇದು 'ಶಾಕಬ್ಸರ್' ಎಂದು ಕನ್ನಡವಾಗಿ ಬಹಳ ಕಾಲವಾಯಿತು. ಇದೊಂದು ಎಣ್ಣೆ ತುಂಬಿದ ಕೊಳವೆ. ಒಳಗೆ ಕಿರುರಂಧ್ರಗಳುಳ್ಳ ಕೊಂತವೊಂದು ಮೇಲೆ ಕೆಳಗೆ ಸರಿಯುತ್ತದೆ. ಎಣ್ಣೆ ಆ ರಂಧ್ರಗಳಲ್ಲಿ ನುಸುಳಬೇಕಾದುದರಿಂದ ಚಲನೆ ನಿಧಾನವಾಗುತ್ತದೆ, ಆಟದ ಶಕ್ತಿ ಶಾಖವಾಗಿ ಮಾರ್ಪಡುತ್ತದೆ. ಕೆಟ್ಟ ರಸ್ತೆಯಲ್ಲಿ ಬಹುದೂರ ಬಂದ ಕಾರಿನ ಶಾಕಬ್ಸರನ್ನು ಮುಟ್ಟಿದರೆ ಬಿಸಿ ತಿಳಿಯುತ್ತದೆ. ಹೆಸರಿನಲ್ಲಿ ಆಘಾತವನ್ನು ಹೀರುವುದೆಂದಿದ್ದರೂ ಆಘಾತವನ್ನು ಮೊದಲು ತಾಳುವುದು ಸ್ಪ್ರಿಂಗು. ಇದು ಸ್ಪ್ರಿಂಗನ್ನು ಸುಮ್ಮನಿರಿಸುತ್ತದೆ. ಮಗುವನ್ನು ಎತ್ತಿ ಆಡಿಸುವವರು ಒಬ್ಬರು, ಸಮಾಧಾನಪಡಿಸಿ ಮಲಗಿಸುವವರು ಇನ್ನೊಬ್ಬರು ಎಂದಂತೆ.

ಇವಲ್ಲದೆ ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳುಗಳಿವೆ. ತೋಳು ದೇಹಕ್ಕೆ ಸೇರುವಲ್ಲಿ ಬುಶ್ ಎಂಬ ರಬ್ಬರಿನ ಬಳೆಗಳಿವೆ. ತೋಳು ಚಕ್ರಕ್ಕೆ ಸೇರುವಲ್ಲಿ ನಮ್ಮ ಭುಜದ ಕೀಲಿನಂತೆ ಗುಂಡು ಮತ್ತು ಗುಳಿಯ ಕೀಲು ಇದೆ. ಎಡಬಲದ ಚಕ್ರಗಳನ್ನು ಅಡ್ಡಲಾಗಿ ಕೂಡಿಸುವ ಉಕ್ಕಿನ ಸರಳೊಂದು ಅನೇಕ ಕಾರುಗಳಲ್ಲಿರುತ್ತದೆ. ಕಾರು ತಿರುವಿನಲ್ಲಿ ಒಂದು ಪಕ್ಕಕ್ಕೆ ವಾಲಿದಾಗ ಈ ಸರಳು ತಿರುಚಿಕೊಂಡು ವಾಲಿಕೆಯನ್ನು ತಗ್ಗಿಸುತ್ತದೆ. ಎರಡು ಚಕ್ರಗಳೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಸರಳಿಗೆ ತಿರುಚಿಕೊಳ್ಳುವ ಕೆಲಸವೇ ಇಲ್ಲ. ಈ ಸಣ್ಣ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

ಬಿಗಿಯಾದ ಸ್ಪ್ರಿಂಗು ಹಾಕಿದರೆ ಕಾರು ಓಟಗಾರನಾಗುತ್ತದೆಂಬುದು ನಮ್ಮ ಹುಡುಗನೊಬ್ಬನ ಭ್ರಮೆಯಲ್ಲ, ಬಹುಜನರದು. ಗಾಜಿನಂತೆ ನುಣುಪಾದ ಓಟದ ಹಾದಿಯಲ್ಲಿ ಅದು ಸ್ವಲ್ಪಮಟ್ಟಿಗೆ ನಿಜ. ಅಲ್ಲಿ ಕಾರು ವಾಲದೆ, ತಗ್ಗಾಗಿ, ನೆಟ್ಟಗೆ ಹೋಗಬೇಕು. ನಮ್ಮ ಬೀದಿಗಳಲ್ಲಿ ಹಾಗಲ್ಲ. ಹಳ್ಳ ಬಂದಾಗ ಚಕ್ರ ಕೆಳಗಿಳಿಯಬೇಕು, ದಿಣ್ಣೆ ಬಂದಾಗ ಮೇಲೇರಬೇಕು, ದೇಹ ಮಾತ್ರ ತನ್ನ ಪಾಡಿಗೆ ಸಾಗಬೇಕು. ಸ್ಪ್ರಿಂಗು ಅತಿ ಬಿಗಿಯಾದರೆ ಚಕ್ರ ರಸ್ತೆಯನ್ನು ಅನುಸರಿಸದೆ ಎಗರುತ್ತದೆ. ಗಾಳಿಯಲ್ಲಿರುವ ಟೈರಿಗೆ ಹಿಡಿತವಿಲ್ಲ. ಹಿಡಿತವಿಲ್ಲದ ಚಕ್ರ ತಿರುಗಿಸಿದತ್ತ ತಿರುಗದು, ಬ್ರೇಕು ಒತ್ತಿದರೆ ನಿಲ್ಲದು. ಬಿಗಿಯಾದಷ್ಟೂ ಕ್ಷೇಮವೆಂದು ತೋರುವ ಕಾರು ವಾಸ್ತವವಾಗಿ ಅಷ್ಟಷ್ಟು ಅಪಾಯದ್ದಾಗಿರುತ್ತದೆ.

ಇದನ್ನು ಬಲ್ಲವರು ಬೇರೆ ಮಾರ್ಗ ಹಿಡಿದರು. ಇಂಗ್ಲೆಂಡಿನಲ್ಲಿ ಲೋಟಸ್ ಕಾರುಗಳನ್ನು ಕಟ್ಟಿದ ಕಾಲಿನ್ ಚಾಪ್‌ಮನ್ ಕಾರನ್ನು ಹಗುರಗೊಳಿಸುವುದಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಟ್ಟನು. 1962ರಲ್ಲಿ ಹೊರಬಂದ ಅವನ 'ಎಲಾನ್' ಕಾರಿನ ಸ್ಪ್ರಿಂಗುಗಳು ಮೃದುವಾಗಿದ್ದವು, ಆದರೆ ಶಾಕಬ್ಸರುಗಳು ಅವನ್ನು ಚೆನ್ನಾಗಿ ಹತೋಟಿಯಲ್ಲಿಟ್ಟಿದ್ದವು. ರಸ್ತೆಯನ್ನು ಹಿಡಿಯುವುದರಲ್ಲಿ ಅದಕ್ಕೆ ಸಮನಾದ ಕಾರುಗಳು ಆ ಕಾಲದಲ್ಲಿ ವಿರಳ. ಓಟಕ್ಕೆ ಏನೇನೂ ಸಂಬಂಧವಿಲ್ಲದ ಇನ್ನೊಂದು ಉದಾಹರಣೆ ನನಗೆ ಬಹಳ ಪ್ರಿಯವಾದುದು. ಫ್ರಾನ್ಸಿನ ಸಿಟ್ರೊಯೆನ್ ಕಂಪನಿ 1948ರಲ್ಲಿ ರೈತರಿಗಾಗಿ '2ಸಿವಿ' ಎಂಬ ಅಗ್ಗದ ಕಾರನ್ನು ಹೊರತಂದಿತು. ಉತ್ತ ಹೊಲದ ಮೇಲೆ ಮೊಟ್ಟೆಯ ಬುಟ್ಟಿಯನ್ನಿಟ್ಟುಕೊಂಡು ಹೋದರೆ ಒಂದು ಮೊಟ್ಟೆಯೂ ಒಡೆಯಬಾರದೆಂಬುದು ಅದನ್ನು ರೂಪಿಸಿದವರಿಗೆ ವಿಧಿಸಿದ್ದ ಷರತ್ತು!

ನಮ್ಮ ಬೆಂಗಳೂರಿನಲ್ಲಿಯೇ ಇಂಥದೊಂದು ಹಗುರ ಕಾರು ತಯಾರಾಗುತ್ತಿತ್ತೆಂಬುದು ಈಗಿನ ಹುಡುಗರಿಗೆ ತಿಳಿದಿರಲಾರದು. 1982ರಲ್ಲಿ ಇಲ್ಲಿಯ ಸಿಪಾನಿ ಆಟೊಮೊಬೈಲ್ಸ್ ಸಂಸ್ಥೆ 'ಡಾಲ್ಫಿನ್' ಎಂಬ ಎರಡು ಬಾಗಿಲಿನ ಕಾರನ್ನು ಮಾರುಕಟ್ಟೆಗೆ ತಂದಿತು. ಅದು ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರಿನ ರೂಪ. ಮೈ ಲೋಹದ್ದಲ್ಲ, ಫೈಬರ್ ಗ್ಲಾಸಿನದು. ಎಂಜಿನ್ನು 848 ಸಿಸಿ. ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗು, ಹಿಂದಿನವಕ್ಕೆ ಜಟಕಾದ ವಂಶದ ಅದೇ ಉಕ್ಕಿನ ಪಟ್ಟಿಗಳು. 1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ ಸಾಮಾನ್ಯ ಕೊಳ್ಳುಗರು ಆ ಕಡೆಗೆ ಹೊರಳಿದರು. ಆದರೆ ರ‍್ಯಾಲಿಗಳಿಗೆ ಹೋಗುವ ಉತ್ಸಾಹಿಗಳು ಡಾಲ್ಫಿನ್ನಿನ ಹಗುರವನ್ನು ಮೆಚ್ಚಿಕೊಂಡರು. ಮದರಾಸಿನ ಬಳಿ ಷೋಲಾವರಂ ಎಂಬಲ್ಲಿ ಎರಡನೆಯ ಮಹಾಯುದ್ಧದ ಕಾಲದ ಹಳೆಯ ವಿಮಾನದ ಹಾದಿಯೊಂದಿತ್ತು. 1990ರಲ್ಲಿ ಇರುಂಗಾಟ್ಟುಕೋಟೆಯ ಓಟದ ಹಾದಿ ಸಿದ್ಧವಾಗುವವರೆಗೆ ದಕ್ಷಿಣದ ಕಾರೋಟಗಳಿಗೆ ಷೋಲಾವರವೇ ರಂಗಭೂಮಿ. ಓಟಕ್ಕೆ ಹೋಗುವವರು ಫಿಯೆಟ್ಟಿನಂಥ ಮನೆಬಳಕೆಯ ಕಾರುಗಳನ್ನೇ ತಿದ್ದಿ ತೀಡಿ ಅಲ್ಲಿಗೆ ಒಯ್ಯುತ್ತಿದ್ದರು. ನಮ್ಮ ಮೇಸ್ತ್ರಿ ಹುಡುಗನಾಗಿದ್ದಾಗ ಕಲಾಸಿಪಾಳ್ಯದ ಗ್ಯಾರೇಜಿನಲ್ಲಿ ಕೆಲಸ ಕಲಿತು, ಅಂಥ ಕಾರುಗಳ ಜೊತೆಯಲ್ಲಿ ನಾಲ್ಕಾರು ಸಲ ಅಲ್ಲಿಗೆ ಹೋಗಿ ಬಂದವರು.

ಅವರು ಕಾರನ್ನು ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳಿದರು. "ತಮ್ಮಾ, ಸದ್ದು ಎಂಥಾದ್ದು? ಬಾಯಲ್ಲಿ ಮಾಡಿ ತೋರಿಸು."

ಹುಡುಗ ನಾಚಿಕೊಂಡು ನನ್ನ ಮುಖ ನೋಡಿದನು. ನನಗೋ ಎಲ್ಲಿಲ್ಲದ ಸಂತೋಷ! ಮೂವತ್ತು ವರ್ಷ ಅನುಕರಣಾವ್ಯಯವನ್ನು ಪಾಠ ಮಾಡಿದವನು ನಾನು. ಕೇಶಿರಾಜನ ಕಾಲದಿಂದ ನಮ್ಮ ವ್ಯಾಕರಣಕಾರರು ಗಮನಿಸುತ್ತ ಬಂದಿರುವ ಈ ಪದಗಳು ಪರೀಕ್ಷೆಯಲ್ಲಿ ಎರಡು ಅಂಕಕ್ಕಷ್ಟೇ ಬೇಕಾಗುತ್ತವೆಂದು ವಿದ್ಯಾರ್ಥಿಗಳು ತಿಳಿದಿದ್ದರು. ನಿಜ ಹೇಳಬೇಕೆಂದರೆ ನಾನೂ ಹಾಗೆಯೇ ತಿಳಿದಿದ್ದೆ. ಮೇಸ್ತ್ರಿಗೆ ಅವು ಕೈಯಾಯುಧ. 'ಕಿರಕಿರ' ಎಂದರೆ ಪ್ಲಾಸ್ಟಿಕ್ಕೋ ಗಾಜೋ ಒಂದಕ್ಕೊಂದು ಉಜ್ಜುತ್ತಿದೆ. 'ಜಣಜಣ' ಎಂದರೆ ತೆಳು ತಗಡು ಅದುರುತ್ತಿದೆ. 'ಲೊಡಲೊಡ' ಎಂದರೆ ಟೊಳ್ಳಿನಲ್ಲಿ ಏನೋ ಉರುಳುತ್ತಿದೆ. 'ಟಕಟಕ' ಎಂದರೆ ಎರಡು ಗಟ್ಟಿ ವಸ್ತುಗಳ ನಡುವೆ ಕೂದಲೆಳೆಯಷ್ಟು ಸಂದು ಬಿದ್ದಿದೆ. 'ದಡ್' ಎಂದು ಒಂದೇ ಸಲ ಬಂದರೆ ಭಾರವಾದುದೊಂದು ತನ್ನ ಜಾಗದಿಂದ ಕದಲಿದೆ. ಹುಡುಗ ಯೋಚಿಸಿ ಯೋಚಿಸಿ ನಾಲ್ಕು ಸದ್ದುಗಳನ್ನು ಹೆಸರಿಸಿದನು. ಜಣಜಣ, ಲೊಡಲೊಡ, ಟಕಟಕ, ಅಪರೂಪಕ್ಕೊಮ್ಮೆ ದಡ್. "ಆ ಕೊನೇದು ಯಾವಾಗ ಬರುತ್ತೆ?" ಎಂದು ಮೇಸ್ತ್ರಿ ತಲೆಯೆತ್ತಿ ಕೇಳಿದರು. "ಹಿಂದಕ್ಕೆ ತೆಗೆದು, ಮುಂದಕ್ಕೆ ಹೊರಟು ಬ್ರೇಕ್ ಹಾಕಿದರೆ. ಅದು ಚಿಕ್ಕದು ಮೇಸ್ತ್ರಿ, ದಿನಕ್ಕೆ ಒಂದೆರಡು ಸಲ ಅಷ್ಟೇ." ಮೇಸ್ತ್ರಿ ಉತ್ತರ ಕೊಡಲಿಲ್ಲ.

ಸದ್ದನ್ನು ಹುಡುಕುವವನು ಮೊದಲು ಬೇಡದ ಸದ್ದುಗಳನ್ನು ಕಳೆಯಬೇಕು. ಡಿಕ್ಕಿಯಲ್ಲಿದ್ದ ಜಾಕಿ, ಸ್ಪ್ಯಾನರುಗಳು, ಹೆಚ್ಚುವರಿ ಚಕ್ರ, ಬಾಗಿಲ ಚೀಲದಲ್ಲಿದ್ದ ನಾಣ್ಯಗಳು, ನೀರಿನ ಸೀಸೆ ಎಲ್ಲವೂ ಹೊರಬಂದವು. ಬಳಿಕ ಕಾರನ್ನು ನಿಲ್ಲಿಸಿಯೇ ಎಂಜಿನ್ನನ್ನು ಚಾಲೂ ಮಾಡಿ ವೇಗವನ್ನು ಮೆಲ್ಲಮೆಲ್ಲಗೆ ಏರಿಸಿದರು. ಒಂದು ಹಂತಕ್ಕೆ ಬಂದಾಗ 'ಜಣಜಣ' ಎಂದು ಕೇಳಿಸಿತು. ಇನ್ನಷ್ಟು ಏರಿಸಿದೊಡನೆ ಮಾಯವಾಯಿತು. ಚಕ್ರ ಉರುಳದೆಯೇ ಬಂದ ಸದ್ದಾದುದರಿಂದ ಅದು ಸಸ್ಪೆನ್ಷನ್ನಿನದಲ್ಲ. ಇನ್ನೊಂದು ವಿಚಾರವೂ ಇದೆ. ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಸಹಜ ಕಂಪನವಿರುತ್ತದೆ. ಹೊರಗಿನ ಕಂಪನ ಅದಕ್ಕೆ ಸರಿಹೊಂದಿದಾಗ ಆ ವಸ್ತು ಜೋರಾಗಿ ಅದುರುತ್ತದೆ, ಇದೇ ಅನುರಣನ. 1831ರಲ್ಲಿ ಇಂಗ್ಲೆಂಡಿನ ಬ್ರಾಟನ್ ಎಂಬಲ್ಲಿ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದ ಸೈನಿಕರ ತುಕಡಿಯೊಂದರ ಕೆಳಗೆ ತೂಗುಸೇತುವೆಯೇ ಮುರಿದುಬಿದ್ದಿತು. ಅಂದಿನಿಂದ ಸೈನಿಕರು ಸೇತುವೆಯ ಮೇಲೆ ಹೆಜ್ಜೆ ಮುರಿದು ನಡೆಯುವ ರೂಢಿ ಬಂದಿತು. ಇಲ್ಲಿ ಅದುರಿದ್ದು ಹೊಗೆ ಕೊಳವೆಯ ಶಾಖ ಮೇಲಕ್ಕೆ ತಗಲದಂತೆ ಹಾಕಿದ್ದ ತಗಡಿನ ಮರೆ. ಅದರ ಒಂದು ತಿರುಪು ಸಡಿಲವಾಗಿತ್ತು.

ಲೊಡಲೊಡ ಸದ್ದು ಬಲಬಾಗಿಲಿನದು. ಬಾಗಿಲ ಒಳಹಲಗೆಯನ್ನು ಬಿಚ್ಚಿದಾಗ, ಗಾಜು ಇಳಿಯುವ ಟೊಳ್ಳಿನ ತಳದಲ್ಲಿ ಹತ್ತನೆಯ ನಂಬರಿನ ಸ್ಪ್ಯಾನರೊಂದು ಬಿದ್ದಿತ್ತು. "ಅಪ್ಪ ಇದನ್ನು ಎಷ್ಟು ದಿನ ಹುಡುಕಿದ್ದರು ಸಾರ್," ಎಂದು ಹುಡುಗ ಅದನ್ನು ಒರೆಸಿ ಜೇಬಿಗೆ ಹಾಕಿಕೊಂಡನು. ಹಳೆಯ ಮೃದು ಸ್ಪ್ರಿಂಗುಗಳ ಮೇಲೆ ಮೌನವಾಗಿದ್ದ ಆ ಸ್ಪ್ಯಾನರು ಹೊಸ ಬಿಗಿ ಸ್ಪ್ರಿಂಗುಗಳ ಕುಕ್ಕಿಗೆ ಮಾತನಾಡಲು ತೊಡಗಿತ್ತು.

ಟಕಟಕ ಸದ್ದನ್ನು ಹಿಡಿದ ಬಗೆ ನನ್ನನ್ನು ಬೆರಗುಗೊಳಿಸಿತು. ಮೇಸ್ತ್ರಿ ನನ್ನನ್ನು ಹಿಂದಿನ ಇಕ್ಕಟ್ಟಾದ ಆಸನದಲ್ಲಿ ಕೂರಿಸಿ, ಹುಡುಗನಿಂದ ಕಾರು ಓಡಿಸಿದರು. ರಸ್ತೆಯುಬ್ಬೊಂದರ ಮೇಲೆ ಎರಡೂ ಮುಂಚಕ್ರಗಳು ಒಟ್ಟಿಗೆ ಹತ್ತುವಂತೆ ನೇರವಾಗಿ ಹೋಗಲು ಹೇಳಿದರು. ಸದ್ದಿಲ್ಲ. ಹಿಂದಿರುಗಿ ಬಂದು, ಒಂದು ಚಕ್ರ ಮಾತ್ರ ಉಬ್ಬಿನ ಅಂಚನ್ನು ಹತ್ತುವಂತೆ ಓರೆಯಾಗಿ ಹೋಗಿಸಿದರು. ಟಕಟಕ! "ಮೇಷ್ಟ್ರೇ, ಎರಡು ಚಕ್ರ ಜೊತೆಗೆ ಎದ್ದರೆ ಸುಮ್ಮನಿರ್ತದೆ, ಒಂದೇ ಎದ್ದರೆ ಮಾತಾಡ್ತದೆ. ಅಂಥದ್ದು ಇದರಲ್ಲಿ ಯಾವುದಿದೆ?" ಎಂದು ಕೇಳಿದರು. ಅಡ್ಡ ಸರಳಿನ ಮಾತು ನಿಮಗೆ ನೆನಪಿದ್ದರೆ ಉತ್ತರ ಈಗಾಗಲೇ ಹೊಳೆದಿರಬೇಕು. ಸರಳಿನ ತುದಿಯನ್ನು ಚಕ್ರದ ತೋಳಿಗೆ ಕೂಡಿಸುವ ಕೊಂಡಿಯ ರಬ್ಬರು ಸವೆದು ಹೋಗಿತ್ತು. ಯಾವ ಉಪಕರಣವನ್ನೂ ಮುಟ್ಟದೆ, ರಸ್ತೆಯುಬ್ಬೊಂದನ್ನೇ ಪ್ರಯೋಗಶಾಲೆಯಾಗಿಸಿ ಅವರು ಇದನ್ನು ಕಂಡುಕೊಂಡಿದ್ದರು. ನಮ್ಮ ನಗರದ ರಸ್ತೆಯುಬ್ಬುಗಳಿಂದ ಯಾರಿಗಾದರೂ ಉಪಕಾರವಾದುದನ್ನು ನಾನು ಕಂಡದ್ದು ಅದೊಂದೇ ಸಲ.

ಉಳಿದದ್ದು 'ದಡ್'. ಅದಕ್ಕಾಗಿ ಕಾರನ್ನು ಎತ್ತಬೇಕಾಯಿತು. ಜಾಕಿಯೊಂದನ್ನೇ ನಂಬಿ ಕಾರಿನ ಕೆಳಗೆ ತಲೆ ಹಾಕಬಾರದು. ಉಕ್ಕಿನ ಊರುಗಾಲುಗಳನ್ನು ಕೊಟ್ಟ ಮೇಲೆಯೇ ಕೆಳಗೆ ಹೋಗಬೇಕು. ಮೇಸ್ತ್ರಿ ತಮ್ಮ ಹುಡುಗರಿಗೆ ಇದನ್ನು ಗದರಿಕೊಂಡೇ ಹೇಳುತ್ತಿದ್ದರು. ಸ್ಪ್ರಿಂಗು ಹಾಕಿಕೊಟ್ಟಿದ್ದ ಇನ್ನೊಂದು ಗ್ಯಾರೇಜಿನವರು ಚಕ್ರವನ್ನು ಅಲ್ಲಾಡಿಸಿ ನೋಡಿ, ಎಲ್ಲ ಸರಿಯಾಗಿದೆಯೆಂದು ಹೇಳಿ ಕಳುಹಿಸಿದ್ದರಂತೆ. ಅವರು ಕಾರಿನ ದೇಹಕ್ಕೆ ಜಾಕಿ ಕೊಟ್ಟು ಎತ್ತಿದ್ದರು. ಹಾಗೆ ಎತ್ತಿದಾಗ ಸ್ಪ್ರಿಂಗು ಕೆಳಗಿನ ತೋಳನ್ನು ಬಲವಾಗಿ ಒತ್ತಿಹಿಡಿದಿರುತ್ತದೆ. ತೋಳಿನ ತುದಿಯ ಕೀಲು ಎಷ್ಟೇ ಸವೆದಿದ್ದರೂ ಆ ಒತ್ತಡದಲ್ಲಿ ಅಲುಗದೆ ಗಟ್ಟಿಯಾಗಿರುವಂತೆ ನಟಿಸುತ್ತದೆ. ನಮ್ಮ ಮೇಸ್ತ್ರಿ ಜಾಕಿಯನ್ನು ಕೆಳಗಿನ ತೋಳಿಗೇ ಕೊಟ್ಟು ಎತ್ತಿದರು. ಸ್ಪ್ರಿಂಗಿನ ಒತ್ತಡವೆಲ್ಲ ಜಾಕಿಯ ಮೇಲೆ ಬಿದ್ದು ಕೀಲು ಬಿಡುವಾಯಿತು. ಆಗ ಟೈರಿನ ಕೆಳಗೆ ಉದ್ದನೆಯ ಹಾರೆಯೊಂದನ್ನು ತೂರಿಸಿ ಮೆಲ್ಲಗೆ ಮೀಟಿದರು. ಚಕ್ರ ಬೆರಳ ದಪ್ಪದಷ್ಟು ಮೇಲೆದ್ದು, 'ದಡ್' ಎಂದು ಕೆಳಗಿಳಿಯಿತು.

ಹುಡುಗ ಮಾತಾಡಲಿಲ್ಲ. ಗುಂಡು ತನ್ನ ಗುಳಿಯಿಂದ ಕಳಚಿಕೊಳ್ಳುವ ಹಂತಕ್ಕೆ ಬಂದಿತ್ತು. ವೇಗದಲ್ಲಿರುವಾಗ ಅದು ಕಳಚಿದ್ದರೆ ಚಕ್ರ ಹೊರಕ್ಕೆ ಮಡಿಸಿಕೊಂಡು, ಕಾರಿನ ಮೂತಿ ರಸ್ತೆಗೆ ಕುಸಿಯುತ್ತಿತ್ತು. ಸ್ಟಿಯರಿಂಗು ಹಿಡಿದವನು ಏನೂ ಮಾಡುವಂತಿರಲಿಲ್ಲ. ಹಿಂದಿನ ಭಾನುವಾರವಷ್ಟೇ ಅವನು ತಾಯಿಯನ್ನು ಕೂರಿಸಿಕೊಂಡು ತುಮಕೂರಿಗೆ ಹೋಗಿ ಬಂದಿದ್ದನು. ರೇಡಿಯೊ ಹಾಕಿಕೊಂಡು. ದಿನವಿಡೀ ಅರಚುತ್ತಿದ್ದ ಮೂರು ಸದ್ದುಗಳು ಒಂದು ತಿರುಪು, ಒಂದು ಸ್ಪ್ಯಾನರು, ಒಂದು ರಬ್ಬರಿನಿಂದ ಹುಟ್ಟಿದ್ದವು. ಅಪರೂಪಕ್ಕೊಮ್ಮೆ ಮೆಲ್ಲಗೆ ಕೆಮ್ಮುತ್ತಿದ್ದ ನಾಲ್ಕನೆಯದರಲ್ಲಿ ಪ್ರಾಣದ ಪ್ರಶ್ನೆಯಿತ್ತು.

ದುರಸ್ತಿ ನಾಲ್ಕು ದಿನ ಹಿಡಿಯಿತು. ಹುಡುಗನೇ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಅಲೆದು ಕೀಲುಗಳನ್ನೂ ಬುಶ್‌ಗಳನ್ನೂ ತಂದನು. ಎಡಗಡೆಯ ಕೀಲು ಕೆಟ್ಟಿರಲಿಲ್ಲವಾದರೂ ಮೇಸ್ತ್ರಿ ಎರಡನ್ನೂ ಬದಲಿಸಿದರು. ಬಿಗಿ ಸ್ಪ್ರಿಂಗುಗಳು ಹೊರಬಂದವು. ತಂದೆ ಓಡಿಸಿದ ಕಾಲದ ಹಳೆಯ ಸ್ಪ್ರಿಂಗುಗಳನ್ನು ಹುಡುಗ ಎಸೆದಿರಲಿಲ್ಲ. ಮನೆಯ ಅಟ್ಟದ ಮೇಲಿದ್ದವು. ಅವುಗಳ ಎತ್ತರವನ್ನು ಅಳೆದು ನೋಡಿ, ಕುಸಿದಿಲ್ಲವೆಂದು ಖಚಿತಪಡಿಸಿಕೊಂಡು ಮತ್ತೆ ಹಾಕಿದರು. ಎಣ್ಣೆ ಸೋರುತ್ತಿದ್ದ ಶಾಕಬ್ಸರುಗಳ ಬದಲು ಹೊಸವು ಬಂದವು. ಕಾರಿನ ಮೂಲೆಯನ್ನು ಕೈಯಿಂದ ಬಲವಾಗಿ ಅದುಮಿ ಬಿಟ್ಟರೆ ಅದು ಒಂದು ಸಲ ಮೇಲೆದ್ದು ನಿಲ್ಲಬೇಕು. ಮೊದಲು ಮೂರು ನಾಲ್ಕು ಸಲ ತೊನೆಯುತ್ತಿತ್ತು. ಒಳ್ಳೆಯ ಶಾಕಬ್ಸರು ಸೇರಿದೊಡನೆ ಅದೇ ಮೃದು ಸ್ಪ್ರಿಂಗು ತಿರುವಿನಲ್ಲಿಯೂ ಸ್ಥಿಮಿತವಾಗಿ ನಿಂತಿತು. ಹುಡುಗ ಬಿಗಿ ಸ್ಪ್ರಿಂಗಿನಿಂದ ಬಯಸಿದ್ದುದು ನಿಜವಾಗಿ ಇದನ್ನೇ.

ಇನ್ನೊಂದು ಸೂಕ್ಷ್ಮವನ್ನು ಅವರು ನನಗೆ ಕರೆದು ತೋರಿಸಿದರು. ತೋಳಿನ ಬುಶ್‌ಗಳ ಬೋಲ್ಟುಗಳನ್ನು ಕಾರು ಮೇಲೆ ತೂಗುತ್ತಿರುವಾಗ ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದು ಕೆಳಗಿಳಿಸಿದರೆ, ತೋಳು ತನ್ನ ಸಹಜ ಸ್ಥಾನಕ್ಕೆ ಬರುವಾಗ ರಬ್ಬರು ತಿರುಚಿಕೊಳ್ಳುತ್ತದೆ. ಸದಾ ತಿರುಚಿಕೊಂಡೇ ಇರುವ ರಬ್ಬರು ಬೇಗ ಹರಿಯುತ್ತದೆ. ಆದ್ದರಿಂದ ಚಕ್ರಗಳು ನೆಲದ ಮೇಲೆ ನಿಂತು ಕಾರಿನ ಪೂರ್ಣ ಭಾರ ಅವುಗಳ ಮೇಲೆ ಬಿದ್ದಾಗ ಕೊನೆಯ ಬಿಗಿತ. ಈ ಕೊನೆಯ ಬಿಗಿತಕ್ಕಾಗಿ ಅವರು ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, ತಾವು ಗುಂಡಿಗಿಳಿದರು. ಎಪ್ಪತ್ತು ದಾಟಿದ ಮನುಷ್ಯ! ಬಿಗಿದ ಪ್ರತಿಯೊಂದು ನಟ್ಟಿನ ಮೇಲೂ, ಅದರಿಂದ ಬೋಲ್ಟಿನ ಮೇಲಕ್ಕೂ ಹಾಯುವಂತೆ ಹಳದಿ ಬಣ್ಣದ ಒಂದು ಗೆರೆ ಎಳೆದರು. ನಟ್ಟು ಎಳ್ಳಿನಷ್ಟು ಸಡಿಲಿದರೂ ಗೆರೆ ಎರಡಾಗಿ ಒಡೆದು ಕಾಣುತ್ತದೆ. "ಐನೂರು ಕಿಲೋಮೀಟರು ಓಡಿಸಿಕೊಂಡು ಬಾ ತಮ್ಮಾ. ರೇಡಿಯೊ ಹಾಕಬೇಡ," ಎಂದು ಹೇಳಿ ಕಳುಹಿಸಿದರು.

ಆ ಐನೂರು ಕಿಲೋಮೀಟರುಗಳಲ್ಲಿ ಕೆಲವಕ್ಕೆ ನಾನೂ ಪಾಲುಗಾರನಾದೆ. ಒಂದು ಭಾನುವಾರ ಬೆಳಿಗ್ಗೆ ಮಾಗಡಿಯವರೆಗೆ ಹೋಗಿ ಬಂದೆವು. ಕಿಟಕಿಯ ಗಾಜು ಇಳಿಸಿತ್ತು. ಹಳ್ಳಕೊಳ್ಳಗಳು ಇದ್ದಲ್ಲಿಯೇ ಇದ್ದವು. ಚಕ್ರಗಳು ಇಳಿದು ಹತ್ತುತ್ತಿದ್ದುದು ತಿಳಿಯುತ್ತಿತ್ತು, ಮೈಗೆ ತಗಲುತ್ತಿರಲಿಲ್ಲ. ಹುಡುಗ ದಾರಿಯುದ್ದಕ್ಕೂ ತಲೆಯನ್ನು ಸ್ವಲ್ಪ ಓರೆಮಾಡಿ ಕೇಳುತ್ತಲೇ ಓಡಿಸಿದನು. ಅವನ ತಂದೆ ಹಾಗೆಯೇ ತಲೆ ಓರೆಮಾಡಿ ಕೂರುತ್ತಿದ್ದುದು ನನಗೆ ನೆನಪಾಯಿತು. ಮೂರು ವಾರಗಳ ಬಳಿಕ ಮೇಸ್ತ್ರಿ ಮತ್ತೆ ಗುಂಡಿಗಿಳಿದು, ದೀಪ ಹಿಡಿದು ಒಂದೊಂದೇ ನಟ್ಟನ್ನು ನೋಡಿದರು. ಹಳದಿ ಗೆರೆಗಳೆಲ್ಲ ಒಡೆಯದೆ ನೇರವಾಗಿಯೇ ಇದ್ದವು.